ಡ್ಯಾಕ್‌ನೊಳಗೆ ಟ್ಯೂಬ್ ಇದ್ದರೆ ಕಿವಿಗೆ ಏನು ಸಿಗುತ್ತದೆ?

ಓದುಗರ ಪ್ರಶ್ನೆ: ಕಂಪ್ಯೂಟರಿನಿಂದ ಯುಎಸ್‌ಬಿ ಮೂಲಕ ಒಂದು ಚಿಕ್ಕ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ಪೆಟ್ಟಿಗೆ), ಅಲ್ಲಿಂದ ಟ್ರಾನ್ಸಿಸ್ಟರ್ ಆಂಪ್, ಎರಡು ಪುಟ್ಟ ಸ್ಪೀಕರ್, ಇಷ್ಟರಲ್ಲಿ ಸಂಗೀತ ಕೇಳುವವನು ನಾನು. ಕೋಣೆ ಸುಮಾರು 4 ಮೀಟರ್ ಉದ್ದವಿದೆ. ಒಂದು ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಪಿಟೀಲು, ಹೆಣ್ಣುದನಿ, ತಾಳದ ಝಣಝಣ ಎಲ್ಲವೂ ಚುಚ್ಚಿದ ಹಾಗಾಗುತ್ತದೆ. ಈಚೆಗೆ ಸ್ನೇಹಿತರ ಮನೆಯಲ್ಲಿ ಟ್ಯೂಬ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಇರುವ ಡ್ಯಾಕ್ ಕೇಳಿದೆ. ಅವೇ ಹಾಡುಗಳು ಮೈದುಂಬಿಕೊಂಡು, ಹಾಡುವವರು ಎದುರಿಗೇ ಕೂತಂತೆ ಕೇಳಿದವು. ಅಂಥದ್ದನ್ನೇ ಕೊಳ್ಳೋಣ ಅಂತಿದ್ದೇನೆ. ನಾನು ನೋಡಿಟ್ಟದ್ದರಲ್ಲಿ ಎರಡು 12ಎಯು7 ಟ್ಯೂಬ್ ಇವೆ. ವಿವರಪಟ್ಟಿಯಲ್ಲಿ ಔಟ್‌ಪುಟ್ 3 ವೋಲ್ಟ್, ಡಿಸ್ಟಾರ್ಷನ್ (ಮೂಲದಲ್ಲಿಲ್ಲದ ಬೆರಕೆ) ಶೇ 0.3 ಎಂದಿದೆ. ಡಿಜಿಟಲ್‌ನ ಮೆಟ್ಟಿಲುಗಳನ್ನು ಟ್ಯೂಬ್ ನಯ ಮಾಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಇಂಜಿನಿಯರ್ ಆಗಿರುವ ನಮ್ಮ ಭಾವ, ಅದೆಲ್ಲ ಕಿತ್ತಳೆ ದೀಪದ ಆಟ, ಶೇ 0.3 ಅಂದರೆ ಕೆಟ್ಟುಹೋದ ಯಂತ್ರ ಎಂದು ನಗುತ್ತಾರೆ. ಯಾರ ಮಾತು ನಂಬಲಿ? ಟ್ಯೂಬನ್ನು ವರ್ಷವರ್ಷ ಬದಲಿಸಬೇಕೆ? ಒಳ್ಳೆಯ ಹಳೇ ಟ್ಯೂಬ್ ಹಾಕಿದರೆ ಇನ್ನೂ ಚೆನ್ನಾಗುತ್ತದೆಯೆ? ಮನೆಯಲ್ಲಿ 3 ವರ್ಷದ ಮಗು ಇದೆ, ಅದಕ್ಕೇನಾದರೂ ಅಪಾಯವೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಹೋದದ್ದು 'ಒಂದು ಗಂಟೆಯಲ್ಲಿ ಕಿವಿ ದಣಿಯುತ್ತದೆ' ಅನ್ನುವ ಸಾಲಿನ ಮೇಲೆ. ನಿಮ್ಮ ತೊಂದರೆ ಅದು. ಟ್ಯೂಬ್ ಡ್ಯಾಕ್ ಅನ್ನುವುದು ಅದಕ್ಕೆ ನೀವೇ ಬರೆದುಕೊಂಡ ಔಷಧಿ ಚೀಟಿ. ಚೀಟಿ ಸರಿಯೇ ಇರಬಹುದು, ಆದರೆ ನೋವು ಎಲ್ಲಿದೆ ಎಂದು ಇನ್ನೂ ಯಾರೂ ಮುಟ್ಟಿ ನೋಡಿದಂತಿಲ್ಲ. ಮಾರುವವರು ಕೊಟ್ಟ ಕಾರಣ ತಪ್ಪು. ನಿಮ್ಮ ಭಾವ ಓದಿದ ಅಂಕಿ ಸರಿ, ಅದರಿಂದ ಎಳೆದ ತೀರ್ಮಾನ ಅವಸರದ್ದು. ನಿಮಗೆ ಕೇಳಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಟ್ಯೂಬಿನಿಂದಲೇ ಬಂತೇ ಅನ್ನುವುದು ಬೇರೆ ಪ್ರಶ್ನೆ.

ಪೆಟ್ಟಿಗೆಯ ಒಳಗೆ ಏನಿದೆ ನೋಡೋಣ. ಯುಎಸ್‌ಬಿಯಿಂದ ಬರುವ ಅಂಕಿಗಳನ್ನು ಒಂದು ಚಿಪ್ ಬರಮಾಡಿಕೊಳ್ಳುತ್ತದೆ, ಇನ್ನೊಂದು ಚಿಪ್ ಅವನ್ನು ವಿದ್ಯುತ್ತಿನ ಅಲೆಯಾಗಿ ಮಾಡುತ್ತದೆ. ಡಿಜಿಟಲ್‌ನಿಂದ ಅನಲಾಗ್‌ಗೆ ತಿರುಗುವ ಕೆಲಸ ಅಲ್ಲಿಗೆ ಮುಗಿಯಿತು. ಅದರಲ್ಲಿ ಟ್ಯೂಬಿನ ಪಾತ್ರ ಏನೂ ಇಲ್ಲ. ಚಿಪ್‌ನಿಂದ ಹೊರಬಂದ ಅಲೆಯನ್ನು ಆಂಪ್‌ವರೆಗೆ ಕಳಿಸಲು ಕೊನೆಯಲ್ಲೊಂದು ಹಂತ ಬೇಕು. ಸಾಮಾನ್ಯ ಡ್ಯಾಕ್‌ನಲ್ಲಿ ಆ ಕೆಲಸ ಆಪ್-ಆಂಪ್ ಎಂಬ ಪುಟ್ಟ ಚಿಪ್‌ನದು. ಟ್ಯೂಬ್ ಡ್ಯಾಕ್‌ನಲ್ಲಿ ಅದರ ಬದಲು, ಎಷ್ಟೋ ಸಲ ಅದರ ಜೊತೆಗೇ, ಒಂದು ಟ್ಯೂಬ್ ಕೂರುತ್ತದೆ. ಅಲ್ಲಿಗೆ ನೀವು ಕೊಳ್ಳಲು ಹೊರಟಿರುವುದು ಒಂದು ಮಾಮೂಲಿ ಡ್ಯಾಕ್ ಮತ್ತು ಒಂದು ಪುಟ್ಟ ಟ್ಯೂಬ್ ಪ್ರೀಆಂಪ್, ಎರಡೂ ಒಂದೇ ಡಬ್ಬಿಯಲ್ಲಿ. ಇದೊಂದು ತಲೆಯಲ್ಲಿದ್ದರೆ ಮಾರಾಟದ ಮಾತುಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಉದುರುತ್ತದೆ.

ಮೆಟ್ಟಿಲಿನ ಕಥೆ ಅವುಗಳಲ್ಲೊಂದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರ ಅಳೆದು ಬರೆದಿರುತ್ತಾರೆ. ಆ ಚುಕ್ಕಿಗಳನ್ನು ಚೌಕಚೌಕವಾಗಿ ಜೋಡಿಸಿದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ, ನೋಡಿ ಡಿಜಿಟಲ್ ಅಂದರೆ ಗರಗಸದ ಹಲ್ಲು ಅಂದುಕೊಂಡಿದ್ದೇವೆ. ಡ್ಯಾಕ್‌ನ ಹೊರಬಾಯಿಗೆ, ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಹಿಡಿದು ನೋಡಿದರೆ ಕಾಣುವುದು ನುಣುಪಾದ ಅಲೆ. ಚುಕ್ಕಿಗಳ ನಡುವಿನ ಜಾಗವನ್ನು ತುಂಬುವುದು ಡ್ಯಾಕ್‌ನ ಫಿಲ್ಟರ್. ಅಳತೆಯ ವೇಗದ ಅರ್ಧಕ್ಕಿಂತ ಕೆಳಗಿನ ಯಾವ ಅಲೆಯನ್ನಾದರೂ ಆ ಚುಕ್ಕಿಗಳಿಂದ ಪೂರ್ತಿಯಾಗಿ ಮರಳಿ ಪಡೆಯಬಹುದೆಂದು ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದಲ್ಲಿ ತೋರಿಸಿದ್ದರು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದದ್ದೇ ಆ ಲೆಕ್ಕದ ಮೇಲೆ. ಸಿಗ್ನಲ್ ಟ್ಯೂಬ್ ತಲುಪುವ ಹೊತ್ತಿಗೆ ನಯ ಮಾಡಲು ಮೆಟ್ಟಿಲುಗಳೇ ಉಳಿದಿರುವುದಿಲ್ಲ. 'ಟ್ಯೂಬ್ ಜಿಟ್ಟರ್ ಕಡಿಮೆ ಮಾಡುತ್ತದೆ' ಅನ್ನುವುದೂ ಇದೇ ಜಾತಿಯ ಮಾತು. ಜಿಟ್ಟರ್ ಅಂದರೆ ಅಂಕಿಗಳ ಸಮಯ ಹಿಡಿಯುವ ಗಡಿಯಾರದ ಹೆಜ್ಜೆ ತಪ್ಪುವುದು. ತಪ್ಪಿದ್ದರೆ ಅದು ಚಿಪ್‌ನಲ್ಲೇ ತಪ್ಪಿರುತ್ತದೆ, ಮುಂದೆ ಕೂತ ಟ್ಯೂಬ್ ಅದನ್ನು ಸರಿಪಡಿಸಲಾರದು.

ಹಾಗಾದರೆ ಸ್ನೇಹಿತರ ಮನೆಯಲ್ಲಿ ನೀವು ಕೇಳಿದ್ದೇನು? ನನ್ನ ಮೊದಲ ಅನುಮಾನ ಬಹಳ ಸಪ್ಪೆಯಾದದ್ದು: ಸದ್ದು ಜೋರಿತ್ತು, ಅಷ್ಟೆ. ಸಾಮಾನ್ಯ ಡ್ಯಾಕ್‌ಗಳು ಪೂರ್ಣ ಸಿಗ್ನಲ್‌ಗೆ ಸುಮಾರು 2 ವೋಲ್ಟ್ ಕೊಡುತ್ತವೆ. ನಿಮ್ಮ ಪಟ್ಟಿಯಲ್ಲಿರುವುದು 3 ವೋಲ್ಟ್. ಆಂಪ್‌ನ ಗುಂಡಿ ಮುಟ್ಟದೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಸದ್ದು 3.5 ಡೆಸಿಬೆಲ್ ಏರುತ್ತದೆ. ನಮ್ಮ ಕಿವಿಯ ಸ್ವಭಾವ ಹೇಗೆಂದರೆ, ಸದ್ದು ಏರಿದಷ್ಟೂ ತಗ್ಗಿನ ಸ್ವರಗಳು ಹೆಚ್ಚು ತುಂಬಿಕೊಂಡು ಬಂದಂತೆ ಕೇಳುತ್ತವೆ. ಏರಿಕೆ ಸಣ್ಣದಾದರೆ 'ಜೋರಾಯಿತು' ಅನ್ನಿಸುವುದಿಲ್ಲ. 'ಜೀವ ಬಂತು', 'ಹತ್ತಿರ ಬಂತು', 'ಮೈದುಂಬಿತು' ಅನ್ನಿಸುತ್ತದೆ.

ಈ ಹಳ್ಳಕ್ಕೆ ನಾನೂ ಬಿದ್ದಿದ್ದೇನೆ. ನಾನೇ ಕಟ್ಟಿದ ಟ್ಯೂಬ್ ಹಂತವೊಂದನ್ನು ಎರಡು ದಿನ ಕೇಳಿ, ಮನೆಯವರನ್ನೆಲ್ಲ ಕರೆದು ಕೂರಿಸಿ ಹೊಗಳಿಸಿಕೊಂಡು, ಮೂರನೆಯ ದಿನ ಮೀಟರ್ ಹಿಡಿದರೆ ಒಂದು 2 ವೋಲ್ಟ್, ಇನ್ನೊಂದು 2.5 ವೋಲ್ಟ್ ತೋರಿಸಿತು. ಸುಮಾರು 1.9 ಡೆಸಿಬೆಲ್ ವ್ಯತ್ಯಾಸ. ಸಮ ಮಾಡಿ ಮತ್ತೆ ಕೇಳಿದಾಗ ಹೊಗಳಿಕೆಯಲ್ಲಿ ಅರ್ಧ ಹೋಯಿತು. ಅರ್ಧ ಉಳಿಯಿತು ಅನ್ನುವುದನ್ನೂ ಹೇಳಬೇಕು.

ಉಳಿದ ಆ ಅರ್ಧ ಯಾವುದು? ಟ್ಯೂಬ್ ತನ್ನ ಕಡೆಯಿಂದ ಸ್ವಲ್ಪ ಸ್ವರ ಬೆರೆಸುತ್ತದೆ. ನೀವು ಷಡ್ಜ ಕಳಿಸಿದಿರಿ ಅಂದುಕೊಳ್ಳಿ. ಒಂಟಿ ಟ್ರಯೋಡ್ (12ಎಯು7ರಲ್ಲಿರುವಂಥ ಸರಳ ಬಗೆಯ ಟ್ಯೂಬ್) ಆ ಅಲೆಯ ಮೇಲಿನ ಅರ್ಧವನ್ನು ಒಂದು ಬಗೆಯಲ್ಲಿ, ಕೆಳಗಿನ ಅರ್ಧವನ್ನು ತುಸು ಬೇರೆ ಬಗೆಯಲ್ಲಿ ದೊಡ್ಡದು ಮಾಡುತ್ತದೆ. ಈ ಓರೆಯಿಂದ ಹುಟ್ಟುವುದು ಮುಖ್ಯವಾಗಿ ಎರಡರಷ್ಟು ಕಂಪನದ ಸ್ವರ, ಅಂದರೆ ತಾರಸ್ಥಾಯಿಯ ಷಡ್ಜ. ಅದು ಮೂಲ ಸ್ವರದ ನೆರಳಿನಲ್ಲೇ ಅಡಗುತ್ತದೆ, ಕಿವಿಗೆ ಪರಕೀಯ ಅನ್ನಿಸುವುದಿಲ್ಲ. ಮೂರರಷ್ಟು ಕಂಪನ ತಾರಸ್ಥಾಯಿಯ ಪಂಚಮ, ಅದೂ ಸಹ್ಯ. ಏಳರಷ್ಟು, ಒಂಬತ್ತರಷ್ಟು ಎಂದು ಮೇಲೆ ಹೋದ ಹಾಗೆ ಮೂಲ ಸ್ವರದ ನೆರಳಿನಿಂದ ಹೊರಗೆ ಬೀಳುತ್ತಾ ಹೋಗುತ್ತವೆ. ಕಿವಿ ಅವನ್ನು ಒರಟುತನವೆಂದೇ ಗುರುತಿಸುತ್ತದೆ. ಆದ್ದರಿಂದ ಡಿಸ್ಟಾರ್ಷನ್ ಎಷ್ಟು ಅನ್ನುವ ಒಂದೇ ಅಂಕಿ ಅರ್ಧ ಸುದ್ದಿ. ಅದು ಯಾವ ಬಗೆಯದು ಅನ್ನುವುದು ಉಳಿದರ್ಧ. ನಿಮ್ಮ ಭಾವ ಎಡವಿದ್ದು ಇಲ್ಲಿ.

ಇನ್ನೊಂದನ್ನು ಭಾವನವರಿಗೆ ಹೇಳಿ. ಆ ಶೇ 0.3 ಪೂರ್ತಿ ಸಿಗ್ನಲ್‌ಗೆ, 3 ವೋಲ್ಟ್ ಹೊರಡುವಾಗ ಅಳೆದದ್ದಾಗಿರಬೇಕು. ಎರಡನೆಯ ಹಾರ್ಮೋನಿಕ್‌ನ (ಮೇಲೆ ಹೇಳಿದ ಎರಡರಷ್ಟು ಕಂಪನದ ಸ್ವರದ) ಗುಣವೆಂದರೆ ಸಿಗ್ನಲ್ ಹತ್ತನೆಯ ಒಂದಕ್ಕೆ ಇಳಿದಾಗ ಅದರ ಶೇಕಡಾ ಪಾಲೂ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಸಂಗೀತದ ಸರಾಸರಿ ಮಟ್ಟ ಅದರ ಶಿಖರಗಳಿಗಿಂತ 15ರಿಂದ 20 ಡೆಸಿಬೆಲ್ ಕೆಳಗಿರುವುದು ಸಾಮಾನ್ಯ. 20 ಡೆಸಿಬೆಲ್ ಕೆಳಗೆ ಅಂದರೆ 3 ವೋಲ್ಟ್ ಜಾಗದಲ್ಲಿ 0.3 ವೋಲ್ಟ್, ಅಲ್ಲಿ ನಿಮ್ಮ ಯಂತ್ರದ ಡಿಸ್ಟಾರ್ಷನ್ ಶೇ 0.03 ಆಸುಪಾಸು. ಪುಟ್ಟ ಸ್ಪೀಕರ್‌ಗಳು ಮಂದ್ರದಲ್ಲಿ ಸ್ವಲ್ಪ ಜೋರು ಮಾಡಿದರೆ ಶೇ 1ನ್ನು ಸಲೀಸಾಗಿ ದಾಟುತ್ತವೆ. ಆ ಲೆಕ್ಕದಲ್ಲಿ ಟ್ಯೂಬಿನದು ಚಿಲ್ಲರೆ.

ಈ ಕತ್ತಿಗೆ ಎರಡು ಅಲಗು. ಟ್ಯೂಬ್ ಡ್ಯಾಕ್ ಕೆಟ್ಟ ಯಂತ್ರವಲ್ಲ ಎಂದು ಈ ಲೆಕ್ಕ ಹೇಳುತ್ತದೆ. ಹಾಗೆಯೇ, ಚೆನ್ನಾಗಿ ಕಟ್ಟಿದ ಟ್ಯೂಬ್ ಹಂತ ಕೊಡುವ ಬಣ್ಣ ಜನ ವರ್ಣಿಸುವಷ್ಟು ದಟ್ಟವಾಗಿರುವುದು ಅಪರೂಪ ಎಂದೂ ಹೇಳುತ್ತದೆ. ಕೇಳಿದ ಕೂಡಲೇ ಎದ್ದು ಕಾಣುವಂಥ ವ್ಯತ್ಯಾಸವಿದ್ದರೆ ನಾನು ಮೊದಲು ಸದ್ದಿನ ಮಟ್ಟ ನೋಡುತ್ತೇನೆ, ಆಮೇಲೆ ತಾರದ ಇಳಿತ (ಮೇಲಿನ ಕಂಪನಗಳು ತಗ್ಗಿರುವುದು) ನೋಡುತ್ತೇನೆ, ಟ್ಯೂಬಿನ ಸ್ವಭಾವ ಕೊನೆಗೆ. ಟ್ಯೂಬಿನ ಬೆರಕೆ ಸದಾ ಇಂಪೂ ಅಲ್ಲ. ಒಂದೇ ಸ್ವರಕ್ಕೆ ತಾರ ಷಡ್ಜ ಬೆರೆಸುವ ಅದೇ ಓರೆ, ಎರಡು ಸ್ವರ ಒಟ್ಟಿಗೆ ಬಂದಾಗ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. 1000 ಮತ್ತು 1150 ಹರ್ಟ್ಸ್ ಕಳಿಸಿದರೆ 2150 ಮತ್ತು 150 ಹರ್ಟ್ಸ್ ಸಹ ಹೊರಬರುತ್ತವೆ, ಅವು ಯಾವ ರಾಗಕ್ಕೂ ಸೇರಿದವಲ್ಲ. ಒಂಟಿ ದನಿ, ಒಂದು ತಂಬೂರಿ ಟ್ಯೂಬಿನಲ್ಲಿ ಸೊಗಸಾಗಿ ಕೇಳಿ, ದೊಡ್ಡ ವಾದ್ಯವೃಂದ ಅದೇ ಟ್ಯೂಬಿನಲ್ಲಿ ಕಲಸಿಹೋದಂತೆ ಕೇಳುವುದಕ್ಕೆ ಇದೊಂದು ಕಾರಣ. ಸ್ನೇಹಿತರ ಮನೆಯಲ್ಲಿ ನೀವು ಕೇಳಿದ್ದು ಯಾವ ಬಗೆಯ ಸಂಗೀತ, ನೆನಪಿಸಿಕೊಳ್ಳಿ.

ತಾರದ ಇಳಿತ ಅಂದೆನಲ್ಲ, ಅದು ಎರಡು ದಾರಿಯಲ್ಲಿ ಬರಬಹುದು. ಒಂದು, ಸ್ನೇಹಿತರ ಡ್ಯಾಕ್ 'ಎನ್‌ಒಎಸ್' ಬಗೆಯದಾಗಿರಬಹುದು. ಟ್ಯೂಬ್ ಪ್ರಿಯರ ಬಾಯಲ್ಲಿ ಈ ಮೂರಕ್ಷರಕ್ಕೆ ಎರಡು ಅರ್ಥ, ಇದರಿಂದ ಆಗುವ ಗೊಂದಲಕ್ಕೆ ಲೆಕ್ಕವಿಲ್ಲ. ಟ್ಯೂಬಿನ ವಿಷಯದಲ್ಲಿ ಅದು ಹಿಂದೆ ತಯಾರಾಗಿ ಬಳಕೆಯಾಗದೆ ಉಳಿದ ಸರಕು. ಡ್ಯಾಕ್ ವಿಷಯದಲ್ಲಿ ಓವರ್‌ಸ್ಯಾಂಪ್ಲಿಂಗ್ (ಚುಕ್ಕಿಗಳ ನಡುವೆ ಇನ್ನಷ್ಟು ಚುಕ್ಕಿಗಳನ್ನು ಲೆಕ್ಕಹಾಕಿ ತುಂಬುವುದು) ಮಾಡದ, ಡಿಜಿಟಲ್ ಫಿಲ್ಟರ್ ಇಲ್ಲದ ವಿನ್ಯಾಸ. ಈ ಎರಡನೆಯದರಲ್ಲಿ ಮೇಲೆ ಹೇಳಿದ ಮೆಟ್ಟಿಲು ನಿಜಕ್ಕೂ ಉಳಿದುಕೊಳ್ಳುತ್ತದೆ (ನಾನು ಹೇಳಿದ ನಿಯಮಕ್ಕೆ ಇದು ಅಪವಾದ), ಅದರ ಜೊತೆಗೆ ಮೇಲಿನ ಕಂಪನಗಳು ಸೋರಿಹೋಗುತ್ತವೆ: ಸಿ.ಡಿ. ವೇಗದಲ್ಲಿ 10 ಕಿಲೋಹರ್ಟ್ಸ್‌ಗೆ ಸುಮಾರು 0.75 ಡೆಸಿಬೆಲ್, 20 ಕಿಲೋಹರ್ಟ್ಸ್‌ಗೆ 3ಕ್ಕಿಂತ ತುಸು ಹೆಚ್ಚು. ಕೇಳುವವರಿಗೆ ಇದು 'ನಯ' ಅನ್ನಿಸುತ್ತದೆ. ಅಂಥ ಡ್ಯಾಕ್‌ನಲ್ಲಿ ಟ್ಯೂಬ್ ಇರಲಿ ಇಲ್ಲದಿರಲಿ, ಆ ನಯ ಇದ್ದೇ ಇರುತ್ತದೆ.

ಎರಡನೆಯ ದಾರಿ ಔಟ್‌ಪುಟ್ ಇಂಪೆಡೆನ್ಸ್, ಅಂದರೆ ಹೊರಡುವ ಸಿಗ್ನಲ್‌ಗೆ ಡ್ಯಾಕ್ ಒಡ್ಡುವ ತಡೆ. ನಿಮ್ಮ ವಿವರಪಟ್ಟಿಯಲ್ಲಿ ಇದು ಇಲ್ಲ, ನನಗೆ ಅತಿ ಮುಖ್ಯವಾದದ್ದು ಇದೇ. 12ಎಯು7 ಟ್ಯೂಬನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಕ್ಯಾಥೋಡ್ ಫಾಲೋವರ್ ಎಂಬ ಬಗೆಯಲ್ಲಿ ಇಂಪೆಡೆನ್ಸ್ ಕೆಲವು ನೂರು ಓಮ್, ಯಾವ ಆಂಪ್‌ಗಾದರೂ ಸರಿ. ಸಿಗ್ನಲನ್ನು ನೇರ ಪ್ಲೇಟಿನಿಂದ (ಟ್ಯೂಬಿನೊಳಗಿನ, ಹೆಚ್ಚು ವೋಲ್ಟೇಜಿನ ಲೋಹದ ತಗಡಿನಿಂದ) ತೆಗೆದರೆ ಅದು 5–6 ಕಿಲೋಓಮ್, ಕೆಲವೊಮ್ಮೆ ಇನ್ನೂ ಹೆಚ್ಚು. ಇಂದಿನ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಇನ್‌ಪುಟ್ ಇಂಪೆಡೆನ್ಸ್ 10 ಕಿಲೋಓಮ್ ಇರುವುದು ಅಪರೂಪವಲ್ಲ. 6ನ್ನು 10ಕ್ಕೆ ಕಟ್ಟಿದರೆ 4 ಡೆಸಿಬೆಲ್ ಸಿಗ್ನಲ್ ಅಲ್ಲೇ ಹೋಯಿತು, ಡಿಸ್ಟಾರ್ಷನ್ ಏರಿತು, ಕೇಬಲ್ ಉದ್ದವಿದ್ದರೆ ತಾರವೂ ತಗ್ಗಿತು.

ಇದರ ಜೊತೆಗೆ ಟ್ಯೂಬಿನ ಪ್ಲೇಟ್ ವೋಲ್ಟೇಜನ್ನು ಹೊರಗೆ ಬಿಡದ ಹಾಗೆ ಔಟ್‌ಪುಟ್‌ನಲ್ಲೊಂದು ಕೆಪಾಸಿಟರ್ ಇರುತ್ತದೆ. ಅದು 0.47 ಮೈಕ್ರೋಫ್ಯಾರಡ್ ಆಗಿದ್ದು ಎದುರಿಗೆ 10 ಕಿಲೋಓಮ್ ಸಿಕ್ಕರೆ 34 ಹರ್ಟ್ಸ್‌ನಲ್ಲೇ ಸಿಗ್ನಲ್ 3 ಡೆಸಿಬೆಲ್ ಬಿದ್ದಿರುತ್ತದೆ. ಅದೇ ಕೆಪಾಸಿಟರ್‌ಗೆ 47 ಕಿಲೋಓಮ್ ಸಿಕ್ಕರೆ 7 ಹರ್ಟ್ಸ್‌ವರೆಗೂ ತೊಂದರೆಯಿಲ್ಲ. ಸ್ನೇಹಿತರ ಆಂಪ್ ಟ್ಯೂಬಿನದಾಗಿದ್ದರೆ ಅದರ ಇಂಪೆಡೆನ್ಸ್ 47 ಅಥವಾ 100 ಕಿಲೋಓಮ್ ಇರಬಹುದು. ಅಲ್ಲಿ ತುಂಬಿಕೊಂಡು ಕೇಳಿದ ಡ್ಯಾಕ್ ನಿಮ್ಮ ಆಂಪ್‌ಗೆ ಬಂದಾಗ ಸೊರಗಿದರೆ ಆಶ್ಚರ್ಯಪಡಬೇಡಿ. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಔಟ್‌ಪುಟ್ ಇಂಪೆಡೆನ್ಸ್ ಎಷ್ಟು ಓಮ್? ಆಂಪ್‌ನದರ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ. ಉತ್ತರ ಬರದಿದ್ದರೆ ಆ ಮಾದರಿಯನ್ನು ಬಿಡಿ. ಜೊತೆಗೆ ನಿಮ್ಮ ಆಂಪ್‌ನ ಇನ್‌ಪುಟ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ಅದರ ಪುಸ್ತಕದಲ್ಲಿ ನೋಡಿ. ಕೆಲವು ಆಂಪ್‌ಗಳು 2 ವೋಲ್ಟ್ ಚಿಲ್ಲರೆಗೇ ಅಲೆಯ ತಲೆ ಕತ್ತರಿಸಲು ಶುರುಮಾಡುತ್ತವೆ. ಅಂಥದ್ದಕ್ಕೆ 3 ವೋಲ್ಟ್ ಕೊಟ್ಟರೆ ನೀವು ಓಡಿಹೋಗಲು ನೋಡುತ್ತಿರುವ ಚುಚ್ಚುವಿಕೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಕಿತ್ತಳೆ ದೀಪದ ಮಾತಿಗೆ ಬರೋಣ. ಭಾವ ಹೇಳಿದ್ದರಲ್ಲಿ ಹುರುಳಿಲ್ಲದೆ ಇಲ್ಲ. 12ಎಯು7ರ ತಯಾರಕರು ಕೊಡುವ ಮಾದರಿ ಅಂಕಿ 250 ವೋಲ್ಟ್‌ಗೆ 10.5 ಮಿಲಿಆಂಪ್. 6ಡಿಜೆ8 ಎಂಬ ಇನ್ನೊಂದು ಟ್ಯೂಬ್ ಕಡಿಮೆ ವೋಲ್ಟೇಜಿಗೆಂದೇ ಹುಟ್ಟಿದ್ದು, 90 ವೋಲ್ಟ್‌ನಲ್ಲೇ ಚೆನ್ನಾಗಿ ದುಡಿಯುತ್ತದೆ. ಗೋಡೆಗೆ ಸಿಕ್ಕಿಸುವ 12 ವೋಲ್ಟ್ ಅಡಾಪ್ಟರ್ ಒಂದನ್ನೇ ನಂಬಿ, ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟೂ ಇಲ್ಲದ ಯಂತ್ರಗಳಲ್ಲಿ ಟ್ಯೂಬ್ ಅರೆಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ. ಸದ್ದು ಬರುತ್ತದೆ, ಆದರೆ ಸಿಗ್ನಲ್ ಕೊಂಚ ದೊಡ್ಡದಾದರೆ ಡಿಸ್ಟಾರ್ಷನ್ ಎಗರುತ್ತದೆ. ಟ್ಯೂಬನ್ನು ಕಾಯಿಸುವ ನಿಜವಾದ ಹೀಟರ್ ಕಾಣುವುದು ಗಾಜಿನ ಒಳಗೆ ಮಂದವಾದ ಕೆಂಡದಂತೆ, ಅದೂ ಹೊತ್ತಿಕೊಳ್ಳಲು 20–30 ಸೆಕೆಂಡ್ ಬೇಕು. ಸ್ವಿಚ್ ಒತ್ತಿದ ಕ್ಷಣದಲ್ಲೇ ಬುಡದಿಂದ ಝಗ್ಗೆಂದು ಬೆಳಗಿದರೆ ಅದು ಎಲ್‌ಇಡಿ. ಒಮ್ಮೆ ನನ್ನ ಮೇಜಿಗೆ ಬಂದ ಯಂತ್ರವೊಂದರಲ್ಲಿ ಎರಡೂ ಟ್ಯೂಬ್ ಕಳಚಿಟ್ಟು ಸ್ವಿಚ್ ಹಾಕಿದೆ, ಹಾಡು ಅದರ ಪಾಡಿಗೆ ಅದು ನಡೆಯಿತು. ಟ್ಯೂಬುಗಳು ಅಲ್ಲಿ ಬಿಸಿಯಾಗುವುದಕ್ಕಷ್ಟೇ ಇದ್ದವು. ಅದರ ಒಡೆಯರಿಗೆ ಹೇಗೆ ಹೇಳುವುದೆಂದು ಒಂದು ದಿನ ಯೋಚಿಸಿದ್ದೆ. ಎಲ್ಲ ಯಂತ್ರಗಳೂ ಹೀಗಲ್ಲ. ಪ್ಲೇಟ್ ವೋಲ್ಟೇಜ್ ಎಷ್ಟೆಂದು ಧೈರ್ಯವಾಗಿ ಬರೆದುಕೊಂಡ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ನಿಮ್ಮ ದಣಿವಿಗೆ ಬರುತ್ತೇನೆ. ಏನನ್ನೂ ಕೊಳ್ಳುವ ಮುಂಚೆ ಒಂದು ವಾರ ಇಷ್ಟು ಮಾಡಿ ನೋಡಿ. ಮೊದಲನೆಯದು, ಕಂಪ್ಯೂಟರಿನ ಪ್ಲೇಯರ್‌ನಲ್ಲಿ ಸದ್ದನ್ನು 3–4 ಡೆಸಿಬೆಲ್ ತಗ್ಗಿಸಿ, ಆಂಪ್‌ನಲ್ಲಿ ಅಷ್ಟೇ ಏರಿಸಿಕೊಳ್ಳಿ. ಈಗಿನ ಎಷ್ಟೋ ಧ್ವನಿಮುದ್ರಣಗಳನ್ನು ತುದಿಯವರೆಗೆ ಒತ್ತಿ ತುಂಬಿರುತ್ತಾರೆ. ಬರೆದಿಟ್ಟ ಚುಕ್ಕಿಗಳು ಮಿತಿಯೊಳಗೇ ಇದ್ದರೂ ಅವುಗಳ ನಡುವೆ ಮೂಡುವ ಅಲೆ ಮಿತಿ ದಾಟಬಹುದು. ಡ್ಯಾಕ್‌ನ ಫಿಲ್ಟರ್‌ನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ತಲೆ ಕತ್ತರಿಸಿಹೋಗುತ್ತದೆ. ಆಮೇಲೆ ಅದೇ ಪ್ಲೇಯರ್‌ನ ಈಕ್ವಲೈಜರ್‌ನಲ್ಲಿ 2ರಿಂದ 5 ಕಿಲೋಹರ್ಟ್ಸ್ ನಡುವಿನ ಭಾಗವನ್ನು 2 ಡೆಸಿಬೆಲ್ ಇಳಿಸಿ. ಮನುಷ್ಯರ ಕಿವಿಯ ಕೊಳವೆ ತನ್ನಷ್ಟಕ್ಕೇ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ, ಅಲ್ಲಿನ ಸಣ್ಣ ಉಬ್ಬೂ ಚುಚ್ಚುತ್ತದೆ. ಈಕ್ವಲೈಜರ್‌ನ ಈ ಇಳಿಕೆಗೇ ನಿಮ್ಮ ಪಿಟೀಲು ಮೆತ್ತಗಾದರೆ ದೋಷ ಸ್ಪೀಕರಿನದೋ ಕೋಣೆಯದೋ, ಡ್ಯಾಕ್‌ನದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ನನ್ನ ಅನುಭವದಲ್ಲಿ ಇಂಥ ದೂರುಗಳಲ್ಲಿ ಹೆಚ್ಚಿನವು ಕೋಣೆಯಲ್ಲೇ ಮುಗಿಯುತ್ತವೆ. ಬರಿ ಗೋಡೆ, ನುಣುಪು ನೆಲ, ಸ್ಪೀಕರ್ ನೇರ ಕಿವಿಗೆ ಗುರಿಯಿಟ್ಟಂತೆ ನಿಂತಿದ್ದರೆ ತಾರ ಎರಡೆರಡು ಸಲ ಬಂದು ಬಡಿಯುತ್ತದೆ. ಸ್ಪೀಕರನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ. ಪಕ್ಕದ ಗೋಡೆಯಲ್ಲಿ, ಕನ್ನಡಿ ಇಟ್ಟರೆ ನೀವು ಕೂತ ಜಾಗದಿಂದ ಸ್ಪೀಕರ್ ಕಾಣುವ ಕಡೆ, ಪುಸ್ತಕದ ಕಪಾಟನ್ನೋ ದಪ್ಪ ಪರದೆಯನ್ನೋ ತನ್ನಿ. ಮಂದ್ರದ ಕಡೆಯೂ ನೋಡಬೇಕು. 4 ಮೀಟರ್ ಕೋಣೆಯಲ್ಲಿ 43 ಹರ್ಟ್ಸ್ ಸುತ್ತ ಒಂದು ನಿಂತ ಅಲೆ, 86ರ ಸುತ್ತ ಇನ್ನೊಂದು. ಅವು ಕೆಲವು ಕಡೆ ಗುಮ್ಮೆನ್ನುತ್ತವೆ, ಕೆಲವು ಕಡೆ ಪೂರ್ತಿ ಮಾಯವಾಗುತ್ತವೆ. ನೀವು ಮಾಯವಾಗುವ ಜಾಗದಲ್ಲಿ ಕೂತಿದ್ದರೆ ಮಂದ್ರ ಬಡವಾಗಿ, ತಾರ ಇದ್ದಷ್ಟೇ ಇದ್ದರೂ ಹೆಚ್ಚೆನಿಸುತ್ತದೆ. ಕುರ್ಚಿಯನ್ನು ಅರ್ಧ ಮೀಟರ್ ಸರಿಸುವುದು ಯಾವ ಟ್ಯೂಬಿಗಿಂತ ದೊಡ್ಡ ಬದಲಾವಣೆ.

ಇದೆಲ್ಲ ಆದ ಮೇಲೂ ಟ್ಯೂಬಿನ ಆಸೆ ಉಳಿದರೆ ಸ್ನೇಹಿತರ ಡ್ಯಾಕನ್ನೇ ಹತ್ತು ದಿನ ಎರವಲು ತನ್ನಿ. ನಿಮ್ಮದೇ ಆಂಪ್, ನಿಮ್ಮದೇ ಸ್ಪೀಕರ್, ನಿಮ್ಮದೇ ಕೋಣೆ. ಮಾಮೂಲಿ ಮಲ್ಟಿಮೀಟರ್ ಸಾಕು: 200 ಹರ್ಟ್ಸ್‌ನ ಪರೀಕ್ಷಾ ಸ್ವರ ಹಾಕಿ ಸ್ಪೀಕರ್ ತುದಿಗಳಲ್ಲಿ ಎ.ಸಿ. ವೋಲ್ಟೇಜ್ ನೋಡಿ. ಅಗ್ಗದ ಮೀಟರ್‌ಗಳು ಮೇಲಿನ ಕಂಪನಗಳಲ್ಲಿ ಸುಳ್ಳು ಹೇಳುತ್ತವೆ, ಅದಕ್ಕೇ 200 ಅಂದದ್ದು. ಎರಡೂ ಡ್ಯಾಕ್‌ಗಳಿಗೆ ಓದು ಶೇ 1ರ ಒಳಗೆ ಸಮ ಬರುವ ಹಾಗೆ ಪ್ಲೇಯರ್‌ನಲ್ಲಿ ಹೊಂದಿಸಿಕೊಳ್ಳಿ. ಅದು ಸರಿಸುಮಾರು 0.1 ಡೆಸಿಬೆಲ್. ಆಮೇಲೆ ಮನೆಯವರೊಬ್ಬರಿಗೆ ಕೇಬಲ್ ಬದಲಿಸುವ ಕೆಲಸ ಕೊಟ್ಟು, ಯಾವುದು ನುಡಿಯುತ್ತಿದೆ ಎಂದು ನಿಮಗೆ ಗೊತ್ತಾಗದಂತೆ ಕೇಳಿ. ಕೇಬಲ್ ಬಿಚ್ಚುವ ಮುಂಚೆ ಪ್ರತಿ ಸಲ ಆಂಪ್‌ನ ಸದ್ದು ಪೂರ್ತಿ ಇಳಿಸಬೇಕು. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜವೆಂದು ನಾನು ಒಪ್ಪುತ್ತೇನೆ. ಬರೀ ಊಹೆಯಿಂದ ಅಷ್ಟು ಬರುವ ಸಂಭವ ಶೇ 4ಕ್ಕಿಂತ ಕಡಿಮೆ.

ಆದರೆ ನಿಮ್ಮ ದೂರು ದಣಿವಿನದು. ಅದು ಎರಡು ನಿಮಿಷದ ಹೋಲಿಕೆಯಲ್ಲಿ ಸಿಕ್ಕಿಬೀಳದಿರಬಹುದು. ಅದಕ್ಕೆ ಇನ್ನೊಂದು ಉಪಾಯ ಮಾಡಿ. ಎರಡನ್ನೂ ಬಟ್ಟೆ ಮುಚ್ಚಿಡಿ, ಇಂದು ಯಾವುದೆಂದು ಮನೆಯವರು ನಾಣ್ಯ ಚಿಮ್ಮಿ ನಿರ್ಧರಿಸಲಿ, ನೀವು ಎಷ್ಟು ಹೊತ್ತಿಗೆ ಎದ್ದುಹೋಗಬೇಕೆನಿಸಿತು ಎಂದಷ್ಟೇ ಬರೆದಿಡಿ. ಟ್ಯೂಬ್ ಬಿಸಿಯಾಗಲು ಪ್ರತಿ ಸಲ 15–20 ನಿಮಿಷ ಕೊಡಿ, ಎರಡೂ ಯಂತ್ರಗಳಿಗೆ ಒಂದೇ ನ್ಯಾಯ. ಮುಖ ಬಟ್ಟೆಯ ಹತ್ತಿರ ತಂದರೆ ಬಿಸಿಯಿಂದಲೇ ಯಾವುದೆಂದು ತಿಳಿದುಹೋಗುತ್ತದೆ, ದೂರ ಕೂತುಕೊಳ್ಳಿ. ಗಾಳಿಯಾಡದಂತೆ ಬಿಗಿಯಾಗಿಯೂ ಮುಚ್ಚಬೇಡಿ.

ಗೆದ್ದದ್ದು ಟ್ಯೂಬ್ ಆದರೆ ಏನು ಕೊಳ್ಳುವುದು? ನನ್ನ ಒಲವು ಬೇರೆಬೇರೆ ಡಬ್ಬಿಗಳ ಕಡೆ: ಈಗಿರುವ ಡ್ಯಾಕ್ ಹಾಗೇ ಇರಲಿ, ಅದಕ್ಕೂ ಆಂಪ್‌ಗೂ ನಡುವೆ ಒಂದು ಟ್ಯೂಬ್ ಪ್ರೀಆಂಪನ್ನೋ ಬಫರನ್ನೋ ಸೇರಿಸಿ, ಟ್ಯೂಬನ್ನು ಮುಟ್ಟದೆ ಸಿಗ್ನಲ್ ದಾಟಿಸುವ ಬೈಪಾಸ್ ಸ್ವಿಚ್ ಇರುವಂಥದ್ದು. ಡಿಜಿಟಲ್ ಭಾಗ ಬೇಗ ಹಳತಾಗುತ್ತದೆ, ಅದರ ಡ್ರೈವರ್ ಸಾಫ್ಟ್‌ವೇರ್ ನಿಂತುಹೋಗುತ್ತದೆ. ಟ್ಯೂಬ್ ಹಂತಕ್ಕೆ ಆ ಕಾಟವಿಲ್ಲ, ಇಪ್ಪತ್ತು ವರ್ಷವಾದರೂ ರಿಪೇರಿ ಮಾಡಬಹುದು. ವಾದ್ಯವೃಂದ ಕೇಳುವ ದಿನ ಬೈಪಾಸ್ ಒತ್ತಿದರೆ ಆಯಿತು. ತೊಡಕೆಂದರೆ ಒಂದು ಕೇಬಲ್ ಹೆಚ್ಚು, ಇನ್ನೊಂದು ಪ್ಲಗ್ ಹೆಚ್ಚು, ಗುಂಯ್ ಅನ್ನುವ ಹಮ್ ಹೊಕ್ಕಲು ಇನ್ನೊಂದು ಕಿಂಡಿ. ಒಂದೇ ಡಬ್ಬಿ ಬೇಕೆಂದರೆ ಟ್ಯೂಬಿಲ್ಲದ ಔಟ್‌ಪುಟ್ ಸಹ ಇರುವ ಮಾದರಿ ನೋಡಿ. ಸಾಫ್ಟ್‌ವೇರ್‌ನಲ್ಲೇ ಎರಡನೆಯ ಹಾರ್ಮೋನಿಕ್ ಬೆರೆಸುವ ಪ್ಲಗಿನ್‌ಗಳೂ ಇವೆ, ಪ್ರಯೋಗಕ್ಕೆ ಅದು ಎಲ್ಲಕ್ಕಿಂತ ಅಗ್ಗ. ಅದರಲ್ಲಿ ಆ ಕೆಂಡದ ಬೆಳಕಿಲ್ಲ ಎಂದು ನಿಮಗೆ ಬೇಸರವಾದರೆ ನಾಚಿಕೆಪಡಬೇಡಿ. ಬೆಳಕಿಗಾಗಿ ಟ್ಯೂಬ್ ಇಟ್ಟುಕೊಂಡವರಲ್ಲಿ ನಾನೂ ಒಬ್ಬ.

ಟ್ಯೂಬಿನ ಆಯಸ್ಸಿನ ಚಿಂತೆ ಬೇಡ. ಈ ಬಗೆಯ ಸಣ್ಣ ಟ್ಯೂಬುಗಳು ಸರಿಯಾದ ವೋಲ್ಟೇಜಿನಲ್ಲಿ ಸಾವಿರಾರು ಗಂಟೆ ಬಾಳುತ್ತವೆ. 5000 ಗಂಟೆ ಎಂದಿಟ್ಟುಕೊಂಡು ದಿನಕ್ಕೆ 3 ಗಂಟೆ ಕೇಳಿದರೂ ನಾಲ್ಕೂವರೆ ವರ್ಷ. ಕೇಳದಿರುವಾಗ ಆರಿಸಿಡಿ, ಆದರೆ ಹತ್ತು ನಿಮಿಷಕ್ಕೊಮ್ಮೆ ಆರಿಸಿ ಹಚ್ಚಬೇಡಿ. ಒಂದು ಕಡೆ ಚಟಪಟ ಶುರುವಾದರೆ ಆರಿಸಿ, ತಣ್ಣಗಾದ ಮೇಲೆ ಎರಡೂ ಟ್ಯೂಬನ್ನು ಅದಲುಬದಲು ಮಾಡಿ. ಎಡಕ್ಕೊಂದು ಬಲಕ್ಕೊಂದು ಎಂಬ ವಿನ್ಯಾಸವಾದರೆ, ಟ್ಯೂಬಿನ ಜೊತೆ ಸದ್ದೂ ಕಡೆ ಬದಲಿಸಿದಾಗ ತಪ್ಪು ಟ್ಯೂಬಿನದು. ಹಳೇ ಸರಕಿನ ಬಗ್ಗೆ ಒಂದೇ ಮಾತು: ಅದರಲ್ಲಿ ಒಳ್ಳೆಯವೂ ಇವೆ, ಮೇಲಿನ ಅಚ್ಚು ಅಳಿಸಿ ಹೊಸ ಹೆಸರು ಹೊಡೆದವೂ ಇವೆ. ಹೊಸದಾಗಿ ತಯಾರಾದ, ಗದ್ದಲ ಕಡಿಮೆಯೆಂದು ಅಳೆದು ಕೊಟ್ಟ ಜೋಡಿ ಸಾಕು. 12ಎಯು7ಗೆ ಇಸಿಸಿ82 ಅನ್ನುವುದು ಇನ್ನೊಂದು ಹೆಸರು, ಅದನ್ನು ಹಾಕಬಹುದು. 12ಎಎಕ್ಸ್7 ಅದೇ ಸಾಕೆಟ್‌ಗೆ ಕೂರುತ್ತದಾದರೂ ಅದರ ವರ್ಧನಾಂಕ 100, ಇದರದು 17, ಹಾಕಬೇಡಿ. 6ಡಿಜೆ8ಗಂತೂ ಪಿನ್‌ಗಳ ಜೋಡಣೆಯೇ ಬೇರೆ.

ಮಗುವಿನ ವಿಷಯ ಕೊನೆಗೆ ಇಟ್ಟುಕೊಂಡದ್ದು ಅದು ಚಿಕ್ಕದೆಂದಲ್ಲ. ಹೆಬ್ಬೆರಳು ಗಾತ್ರದ ಗಾಜಿನಲ್ಲಿ ಹೀಟರಿನದು ಸುಮಾರು 2 ವ್ಯಾಟ್, ಪ್ಲೇಟಿನದು ಇನ್ನೆರಡು ವ್ಯಾಟ್ ಬಿಸಿ. ಎಳೆ ಬೆರಳು ಸುಡಲು ಅಷ್ಟು ಸಾಕು. ಟ್ಯೂಬ್ ಹೊರಗೆ ಕಾಣುವಂತಿದ್ದರೆ ಮೇಲೆ ಲೋಹದ ಪಂಜರ ಇರಲೇಬೇಕು. ಅದಕ್ಕಿಂತ ದೊಡ್ಡ ಅಪಾಯ ಒಳಗಿರುವ 150ರಿಂದ 300 ವೋಲ್ಟ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಕೆಲಹೊತ್ತು ಉಳಿದಿರುತ್ತದೆ, ಆದ್ದರಿಂದ ಮುಚ್ಚಳವನ್ನು ನೀವೂ ತೆಗೆಯಬೇಡಿ. ಗಾಳಿ ಕಿಂಡಿಗಳು ಅಗಲವಾಗಿದ್ದು ಹೇರ್‌ಪಿನ್ ತೂರುವಂತಿದ್ದರೆ ಆ ಮಾದರಿ ನಿಮ್ಮ ಮನೆಗಲ್ಲ. ಲೋಹದ ಪೆಟ್ಟಿಗೆ ನೇರ ಮೇನ್ಸ್‌ಗೆ ಕೂರುವುದಾದರೆ ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಸರಿಯಿರುವ ಸಾಕೆಟ್. ಹಚ್ಚುವಾಗ ಡ್ಯಾಕ್ ಮೊದಲು, ಒಂದು ನಿಮಿಷ ಬಿಟ್ಟು ಆಂಪ್. ಆರಿಸುವಾಗ ಆಂಪ್ ಮೊದಲು. ತಿರುಗುಮುರುಗಾದರೆ ಟ್ಯೂಬ್ ಏಳುವಾಗಿನ ಧಡ್ ಅನ್ನುವ ಪೆಟ್ಟು ನೇರ ಸ್ಪೀಕರಿಗೆ ಹೋಗುತ್ತದೆ, ಮಲಗಿದ ಮಗುವೂ ಎದ್ದು ಕೂರುತ್ತದೆ.